ನನ್ನ ಸ್ವಂತ ಸಿಲಿಂಡರು

ಪ್ರಾಣ ಬೇಕಾದರೆ ಕೊಟ್ಟೇನು, ಆದರೆ ನಮ್ಮ ಸಿಲಿಂಡರನ್ನು ಮಾತ್ರ ಬದಲಿಗೆ ಕೊಡುವುದಿಲ್ಲ! ಹೀಗೆಂದು ನಾನು ಆ ಶನಿವಾರ ಬೆಳಿಗ್ಗೆ ನ್ಯೂರೆಂಬರ್ಗಿನ ನಮ್ಮ ಬಾಲ್ಕನಿಯಲ್ಲಿ ನಿಂತು ಘೋಷಿಸಿದೆ. ಕೇಳಿದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ರಚನಾ, ಕೈತುಂಬ ಜೋಳದ ಹಿಟ್ಟು. ಇನ್ನೊಬ್ಬಳು ಎಂಟು ವರ್ಷದ ಮಗಳು ಪವಿ, ಬಾಯಿತುಂಬ ಬ್ರೆಡ್ಡು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮಾತಿನ ಗಾಂಭೀರ್ಯ ಅವರಿಗೆ ತಟ್ಟಿತು ಎಂದುಕೊಂಡೆ.

ಜರ್ಮನಿಯಲ್ಲಿ ನನ್ನದು ಎನ್ನುವಂಥದ್ದು ಬೇರೇನೂ ಇಲ್ಲ. ಮನೆ ಬಾಡಿಗೆಯದು. ಕಾರು ಕಂಪನಿಯದು. ಅಡುಗೆಮನೆಯ ಕರೆಂಟ್ ಒಲೆ ಮನೆ ಮಾಲೀಕರದು, ಅದರ ಮೇಲೆ ಜೋಳದ ರೊಟ್ಟಿ ಉಬ್ಬುವುದಿಲ್ಲ, ಒಣಗಿ ಬಿರುಕು ಬಿಡುತ್ತದೆ. ಅದಕ್ಕೇ ಮೂರು ವರ್ಷದ ಹಿಂದೆ ಬಾಲ್ಕನಿಗೆಂದು ಒಂದು ಗ್ಯಾಸ್ ಒಲೆ, ಐದು ಕಿಲೋದ ಒಂದು ಸಿಲಿಂಡರ್ ತಂದೆ. ಇಲ್ಲಿ ಕೆಂಪು ಸಿಲಿಂಡರ್ ಕಂಪನಿಯದು, ಬೂದು ಬಣ್ಣದ್ದು ಕೊಂಡವನದು. ನಾನು ಬೂದು ಬಣ್ಣದ್ದನ್ನೇ ಕೊಂಡೆ. ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ಎಕರೆಗಟ್ಟಲೆ ಹೊಲ ರಿಜಿಸ್ಟರ್ ಮಾಡಿಸಿಕೊಂಡು ಬಂದವನ ಹಾಗೆ ಬೆವೆತಿದ್ದೆ. ಪವಿ ಅದರ ಹೊಟ್ಟೆಯ ಮೇಲೆ ಒಂದು ನೀಲಿ ಆನೆಯ ಸ್ಟಿಕ್ಕರ್ ಅಂಟಿಸಿದಳು. ಪ್ರತಿ ಆಯುಧಪೂಜೆಗೆ ನಾನೇ ಅದಕ್ಕೆ ವಿಭೂತಿ ಬಳಿದು ಚೆಂಡುಹೂವು ಸಿಕ್ಕಿಸುತ್ತೇನೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಎಂಜಿನ್ನಿನೊಳಗೆ ಇಂಧನ ಹೇಗೆ ಉರಿಯುತ್ತದೆ ಎಂದು ನೋಡುವುದೇ ನನ್ನ ನೌಕರಿ. ಆ ವಿದ್ಯೆಯನ್ನೆಲ್ಲ ಬಸಿದು, ಬಿಸ್ಕತ್ತಿನ ತಗಡಿನ ಡಬ್ಬಿ ಕತ್ತರಿಸಿ, ಒಲೆಯ ಸುತ್ತ ಒಂದು ಗಾಳಿ ತಡೆ ಮಾಡಿದ್ದೆ. ಅಂದಿನಿಂದ ಆ ಐದು ಕಿಲೋ ಗ್ಯಾಸು ಮೂರು ವರ್ಷ ಉರಿಯಿತು! ಸಂಜೆ ಆಫೀಸಿನಿಂದ ಬಂದು, ಆ ನೀಲಿ ಜ್ವಾಲೆಯನ್ನು ನೋಡುತ್ತ ಕೂತರೆ ನನಗೆ ಲೋಕವೇ ಮರೆಯುತ್ತಿತ್ತು. ಈ ಸಾಧನೆಯನ್ನು ಕನ್ನಡ ಸಂಘದ ಪ್ರತಿ ಹಬ್ಬದಲ್ಲೂ ವಿವರಿಸಿದ್ದೇನೆ. ಯುಗಾದಿಗಂತೂ ಚಿತ್ರ ಬರೆದು ತೋರಿಸಿದೆ.

ಅಂಥ ಸಿಲಿಂಡರ್ ಆ ಬೆಳಿಗ್ಗೆ ಉಸಿರು ನಿಲ್ಲಿಸಿತ್ತು. ದಿನ ಬೇರೆ ಎಂಥದ್ದು! ಮರುದಿನ ಭಾನುವಾರ ನಮ್ಮಲ್ಲಿ ಅಮೂಲ್ಯಾಳ ಬಯಕೆ ಊಟ. ಅಮೂಲ್ಯಾ ನನ್ನ ಸಹೋದ್ಯೋಗಿ ಚಂದನ್‌ನ ಹೆಂಡತಿ, ಏಳು ತಿಂಗಳ ಬಸುರಿ, ಗದಗಿನ ಹುಡುಗಿ. ಅವಳ ತಾಯಿಗೆ ಇನ್ನೂ ವೀಸಾ ಬಂದಿರಲಿಲ್ಲ. ಏನು ತಿನ್ನಬೇಕು ಅನಿಸುತ್ತದೆ ಎಂದು ರಚನಾ ಕೇಳಿದಾಗ ಆ ಹುಡುಗಿ ಬೇರೆಯವರು ಬಡಿದು ಬೆಂಕಿಯ ಮೇಲೆ ಉಬ್ಬಿಸಿ ಕೊಟ್ಟ ಬಿಸಿ ರೊಟ್ಟಿ ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡಿದ್ದಳಂತೆ. ತವರುಮನೆ ಇಲ್ಲೇ ಇದೆ ಬಾ ಎಂದು ರಚನಾ ಮಾತು ಕೊಟ್ಟುಬಿಟ್ಟಿದ್ದಳು. ಭಾನುವಾರ ಈ ದೇಶದಲ್ಲಿ ಅಂಗಡಿ ತೆರೆಯುವುದಿಲ್ಲ. ಅಂದರೆ ಶನಿವಾರ ಸಂಜೆಯೊಳಗೆ ಗ್ಯಾಸ್ ಬರಲೇಬೇಕು.

"ಬಾವ್‌ಮಾರ್ಕ್ಟ್‌ಗೆ ಹೋಗಿ ಬದ್ಲಿ ಮಾಡ್ಕೊಂಡ ಬರ್ರಿ. ಹತ್ತ ನಿಮಿಷದ ಕೆಲಸ," ಎಂದಳು ರಚನಾ. ಅದು ಮೊಳೆಯಿಂದ ಬಾಗಿಲಿನವರೆಗೆ ಎಲ್ಲ ಮಾರುವ, ನಮ್ಮ ಬೀದಿಯ ಕೊನೆಯ ಅಂಗಡಿ.

"ನಮ್ಮದನ್ನ ಕೊಟ್ಟು ಯಾರದೋ ಹಳೇದು ತರೂದಾ? ನಾ ಇದನ್ನ ತುಂಬಿಸ್ಕೊಂಡ ಬರ್ತೀನಿ."

"ನಮಗ ಬೇಕಾಗಿದ್ದು ಗ್ಯಾಸ್ ರೀ. ಡಬ್ಬಿ ಯಾವುದಾದ್ರೇನು?"

ಡಬ್ಬಿ! ನನ್ನ ಜೀವಮಾನದ ಆಸ್ತಿಗೆ ಡಬ್ಬಿ ಅಂದಳು. ಸಿಲಿಂಡರನ್ನು ಕಾರಿನ ಹಿಂದಿನ ಸೀಟಿನಲ್ಲಿ ಪವಿಯ ಪಕ್ಕ ಕೂರಿಸಿ ಬೆಲ್ಟ್ ಬಿಗಿದೆ. ಪವಿ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, "ಪಾಪಾ, ಡೀ ಜಿಂಟ್ ಡೋಖ್ ಆಲೆ ಗ್ಲೈಖ್," ಎಂದಳು. ಎಲ್ಲ ಒಂದೇ ಥರ ಇರುತ್ತವಲ್ಲ ಎಂದು. ಇಲ್ಲಿ ಬೆಳೆದ ಮಗು, ಸ್ವಂತದ್ದರ ಬೆಲೆ ಇದಕ್ಕೇನು ಗೊತ್ತು ಎಂದು ಕ್ಷಮಿಸಿದೆ.

ಮೊದಲು ಕಾರಿಗೆ ಗ್ಯಾಸ್ ತುಂಬುವ ಬಂಕಿಗೆ ಹೋದೆ. ಅಲ್ಲಿದ್ದ ಹೆಂಗಸು ಸಿಲಿಂಡರ್ ನೋಡಿದ್ದೇ ಎರಡೂ ಕೈ ಎತ್ತಿ, ಕಾರಿಗೆ ಮಾತ್ರ, ಬಾಟಲಿಗೆ ತುಂಬುವುದು ಕಾನೂನಿಗೆ ವಿರುದ್ಧ ಎಂದಳು. ಊರಾಚೆಯ ತರಕಾರಿ ಹೊಲಗಳ ನಡುವೆ ಒಂದು ಗ್ಯಾಸ್ ಡಿಪೋ ಇದೆ, ಅಲ್ಲಿ ತುಂಬುತ್ತಾರೆ ಎಂದೂ ಹೇಳಿದಳು. ಹೊರಟೆ. ದಾರಿಯ ಎರಡೂ ಕಡೆ ಮೂಲಂಗಿ, ಲೆಟ್ಯೂಸು, ಮೇಲೆ ಹತ್ತಿಯಂಥ ಮೋಡ. ನನ್ನ ಮನಸ್ಸು ಆ ಮೋಡದ ಮೇಲೇರಿ ಕೂತುಬಿಟ್ಟಿತು. ಕನ್ನಡ ಸಂಘದವರು ನನಗೆ ಶಾಲು ಹೊದಿಸುತ್ತಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಸಿಲಿಂಡರ್, ಅದಕ್ಕೂ ಒಂದು ಶಾಲು. ಅಧ್ಯಕ್ಷರು ಮೈಕ್ ಹಿಡಿದು ಗಾಳಿ ತಡೆಯ ಮಹಿಮೆ ಹಾಡುತ್ತಿದ್ದಾರೆ. ಚಪ್ಪಾಳೆ ನಿಂತ ಮೇಲೆ ನೋಡುತ್ತೇನೆ, ತಿರುಗಬೇಕಾದ ತಿರುವು ಹಿಂದೆಯೇ ಉಳಿದು ನಾವು ಯಾವುದೋ ಬೇರೆ ಊರಿನ ಚರ್ಚಿನ ಮುಂದೆ ಇದ್ದೆವು.

ಕೇಳುತ್ತ ಕೇಳುತ್ತ ಡಿಪೋ ಮುಟ್ಟುವ ಹೊತ್ತಿಗೆ ಅಲ್ಲಿನವನು ಗೇಟಿಗೆ ಬೀಗ ಹಾಕುತ್ತಿದ್ದ. ತುಂಬಿಸುವುದು ಬುಧವಾರ ಮಾತ್ರ, ಬಿಟ್ಟು ಹೋದರೆ ಗುರುವಾರ ಸಿಗುತ್ತದೆ, ಅರ್ಜೆಂಟಿದ್ದರೆ ಈಗಲೇ ಬೇರೆ ತುಂಬಿದ್ದು ಕೊಡುತ್ತೇನೆ ಅಂದ. ನಾನು ನನ್ನ ಹರಕುಮುರುಕು ಜರ್ಮನ್‌ನಲ್ಲಿ ಆನೆಯನ್ನೂ ಮೂರು ವರ್ಷದ ಸಂಬಂಧವನ್ನೂ ವಿವರಿಸಿದೆ. ಅವನು ಬೀಗ ಕೈಯಲ್ಲಿ ಹಿಡಿದೇ ಎಲ್ಲ ಕೇಳಿಸಿಕೊಂಡು, ಒಳ್ಳೆಯ ವಾರಾಂತ್ಯ ಹಾರೈಸಿ ಸೈಕಲ್ ಹತ್ತಿ ಹೋದ.

ಹೊಲದ ಬದುವಿನಲ್ಲಿ ಒಂದು ಬೆಂಚಿತ್ತು. ಮುಂದೇನು ಎಂದು ಯೋಚಿಸಲು ಸಿಲಿಂಡರನ್ನು ಪಕ್ಕಕ್ಕಿಟ್ಟುಕೊಂಡು ಕೂತೆ. ಪವಿ ಹುಲ್ಲಿನಲ್ಲಿ ಹೂ ಕೀಳುತ್ತಿದ್ದಳು. ತಣ್ಣನೆ ಗಾಳಿ, ಎಲ್ಲೋ ನೀರು ಹಾಯಿಸುವ ಸದ್ದು. ಯಾವಾಗ ಕಣ್ಣು ಮುಚ್ಚಿತೋ ತಿಳಿಯಲಿಲ್ಲ. ಕನಸಿನಲ್ಲಿ ನೀಲಿ ಆನೆ ಸಿಲಿಂಡರಿನಿಂದ ಇಳಿದು ಮೂಲಂಗಿ ಸಾಲುಗಳ ನಡುವೆ ಮೆಲ್ಲಗೆ ನಡೆಯುತ್ತಿತ್ತು. ನಾನು ಅದರ ಬಾಲ ಹಿಡಿದು ಹಿಂದೆ ಹೋಗುತ್ತಿದ್ದೆ. ಆಕಾಶದ ತುಂಬ ರೊಟ್ಟಿಗಳು ಉಬ್ಬಿ ತೇಲುತ್ತಿದ್ದವು. ಒಂದಕ್ಕೆ ಕೈಚಾಚಿದರೆ ಅದು ಇನ್ನಷ್ಟು ಮೇಲೆ ಹೋಯಿತು. ಕೆಳಗೆ ಅಮೂಲ್ಯಾ ಖಾಲಿ ತಟ್ಟೆ ಹಿಡಿದು ಕೂತಿದ್ದಳು, ಏನೂ ಕೇಳದೆ.

ಪವಿ ಅಲುಗಾಡಿಸಿ ಎಬ್ಬಿಸಿದಾಗ ನೆರಳುಗಳು ಉದ್ದವಾಗಿದ್ದವು. ಫೋನಿನಲ್ಲಿ ರಚನಾಳ ಕರೆಗಳ ಸಾಲೇ ಇತ್ತು. ಆ ಖಾಲಿ ತಟ್ಟೆ ಕಣ್ಣ ಮುಂದಿನಿಂದ ಹೋಗಲಿಲ್ಲ. ನನ್ನ ಶಪಥಕ್ಕಾಗಿ ಒಬ್ಬ ಬಸುರಿ ಹೆಣ್ಣುಮಗಳು ಒಣಗಿದ ರೊಟ್ಟಿ ತಿನ್ನಬೇಕೇ? ಪ್ರಾಣಕ್ಕಿಂತ ಹೆಚ್ಚಿನದನ್ನು ಕೊಟ್ಟೇಬಿಡುತ್ತೇನೆ ಎಂದು ನಿರ್ಧರಿಸಿ ಬಾವ್‌ಮಾರ್ಕ್ಟ್‌ನತ್ತ ಕಾರು ಓಡಿಸಿದೆ.

ಅಂಗಡಿ ಮುಚ್ಚುವ ಹೊತ್ತು. ಹಿಂಭಾಗದ ಕಬ್ಬಿಣದ ಪಂಜರದಲ್ಲಿ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ನಾನು ನಮ್ಮದನ್ನು ಕೊನೆಯ ಸಲ ಸವರಿದೆ. ಮೊದಲ ದಿನ ಮೆಟ್ಟಿಲಿಗೆ ಬಡಿದು ಆದ ನೆಗ್ಗು ಅಲ್ಲೇ ಇತ್ತು. ಅಷ್ಟರಲ್ಲಿ ಬೀಗದ ಕೈ ಹಿಡಿದು ಬಂದ ಅಂಗಡಿಯ ಹುಡುಗಿ ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಪವಿಗೆ ಹಲೋ ಹೇಳಿ, ಈ ತಿಂಗಳು ಅಮ್ಮ ಬರಲಿಲ್ಲವೇ ಎಂದು ಕೇಳಿದಳು.

ಈ ತಿಂಗಳು?

ಪಂಜರದ ಬಾಗಿಲು ತೆರೆಯಿತು. ನಾನು ಒಳಗೆ ನೋಡಿದೆ. ತುಂಬಿದ ಸಿಲಿಂಡರುಗಳ ಸಾಲಿನಲ್ಲಿ, ಒಂದರ ಹೊಟ್ಟೆಯ ಮೇಲೆ, ಅಂಚು ಹರಿದ ಒಂದು ನೀಲಿ ಆನೆ! ಅದರ ಹಿಂದಿನ ಸಾಲಿನಲ್ಲಿ ಬಣ್ಣ ಮಾಸಿದ ಇನ್ನೊಂದು ಆನೆ! ಬೆಂಚಿನ ಮೇಲಿನ ಕನಸು ಇನ್ನೂ ಮುಗಿದಿಲ್ಲ ಎಂದುಕೊಂಡು ಕೈ ಚಿವುಟಿಕೊಂಡೆ. ನೋವಾಯಿತು.

"ಅದು ಕ್ರಿಸ್‌ಮಸ್‌ದು," ಎಂದು ಪವಿ ಬೆರಳು ಮಾಡಿ ತೋರಿಸಿದಳು. ಈ ಸಲ ಸ್ಪಷ್ಟ ಕನ್ನಡ! "ಅಮ್ಮ ಹೇಳ್ಬ್ಯಾಡ ಅಂದಿದ್ಲು. ಸ್ಟಿಕ್ಕರ್ ನನ್ನ ಹತ್ರ ಇನ್ನೂ ಅದಾವ."

ಮನೆಗೆ ಬಂದಾಗ ರಚನಾ ಬಾಗಿಲಲ್ಲೇ ನಿಂತಿದ್ದಳು. ನಾನು ಹೊಸ ಸಿಲಿಂಡರನ್ನು, ಅದೇ ಹರಿದ ಆನೆಯದ್ದನ್ನು, ಅವಳ ಮುಂದಿಟ್ಟೆ. ಇಬ್ಬರೂ ಅದನ್ನೇ ನೋಡಿದೆವು.

"ಅಂದ್ರ ಮೂರು ವರ್ಷ..." ಎಂದೆ.

"ತಿಂಗಳಿಗೊಂದು ಬೇಕಾಗ್ತದ ರೀ. ನೀವು ಆಫೀಸಿಗೆ ಹೋದ ಮ್ಯಾಲ ತರ್ತಿದ್ದೆ. ಮೊದಲನೇ ಸಲನ ಹೇಳ್ಬೇಕಂತ ಮಾಡಿದ್ದೆ. ಅಷ್ಟರೊಳಗ ನೀವು ಸಂಘದೊಳಗ ಎದ್ದು ನಿಂತು ಹೇಳಿಬಿಟ್ರಿ. ಅಷ್ಟು ಖುಷಿಯಾಗಿದ್ರಿ, ಹ್ಯಾಂಗ ಹೇಳ್ಲಿ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಿಂಗಳು ತಿಂಗಳೂ ಸಿಲಿಂಡರನ್ನು ತರಕಾರಿ ತರುವ ಎಳೆಗಾಡಿಯಲ್ಲಿಟ್ಟು ಎಳೆದು ತಂದು, ನೆಗ್ಗಿದ್ದನ್ನೇ ಹುಡುಕಿ ಆರಿಸಿ, ಆನೆ ಅಂಟಿಸಿ, ನನ್ನ ಕನಸಿಗೆ ಒಂದು ಗಾಳಿ ತಡೆ ಕಟ್ಟಿದ್ದಳು ಈ ಹೆಂಗಸು. ನಾಚಿಕೆಯಾಯಿತು. ಅದರ ಜೊತೆಗೆ ಅವಳ ಮೇಲೆ ಪ್ರೀತಿಯೂ ಉಕ್ಕಿತು.

ಮರುದಿನ ಮಧ್ಯಾಹ್ನ ಬಾಲ್ಕನಿಯಲ್ಲಿ ರೊಟ್ಟಿಗಳು ಒಂದಾದ ಮೇಲೊಂದು ಉಬ್ಬಿದವು. ಅಮೂಲ್ಯಾ ಹಸಿರು ಸೀರೆಯುಟ್ಟು ಒಲೆಯ ಪಕ್ಕದಲ್ಲೇ ಕೂತಳು. ಮೊದಲ ರೊಟ್ಟಿಯನ್ನು ಮುರಿದು, ಅದರ ಹಬೆ ಮುಖಕ್ಕೆ ತಾಗಿಸಿಕೊಂಡು, ಎಣ್ಣೆಗಾಯಿ ಹಚ್ಚಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅವಳು ಎಲ್ಲಿಗೆ ಹೋಗಿ ಬಂದಳೆಂದು ಯಾರೂ ಕೇಳಲಿಲ್ಲ.

ಊಟದ ನಡುವೆ ನಾನು ತಪ್ಪೊಪ್ಪಿಕೊಳ್ಳಲು ಗಂಟಲು ಸರಿಮಾಡಿಕೊಂಡೆ. ಗಾಳಿ ತಡೆಯೆಲ್ಲ ಸುಳ್ಳು ಎಂದು ಹೇಳಿ ಹಗುರಾಗಬೇಕಿತ್ತು. ಅಷ್ಟರಲ್ಲಿ ಚಂದನ್ ನನ್ನ ಹತ್ತಿರ ಸರಿದ. ಅವನ ಕಣ್ಣಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಹೊಳಪಿತ್ತು.

"ಅಣ್ಣಾ, ನೀವು ಯುಗಾದಿಗೆ ಚಿತ್ರ ಬರೆದು ತೋರಿಸಿದ್ರಲ್ಲ, ಹಾಂಗ ನಾನೂ ಒಂದು ಗಾಳಿ ತಡೆ ಮಾಡೀನಿ. ಅವತ್ತಿಂದ ನಮ್ಮ ಸಿಲಿಂಡರ್ ಖಾಲಿನ ಆಗಿಲ್ಲ."

ಬಾಯಲ್ಲಿ ರೊಟ್ಟಿ ತುಂಬಿಕೊಂಡಿದ್ದ ಅಮೂಲ್ಯಾ ರಚನಾಳ ಮುಖ ನೋಡಿದಳು. ರಚನಾ ನನ್ನ ಮುಖ ನೋಡಿದಳು. ನಾನು ಚಂದನ್‌ನ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿ, ಒಳಗೆ ಹೋಗಿ ಪವಿಯ ಹತ್ತಿರ ಉಳಿದಿದ್ದ ಆನೆಗಳನ್ನೆಲ್ಲ ತಂದು ಅಮೂಲ್ಯಾಳ ಉಡಿಗೆ ಹಾಕಿದೆ.