ಹಿಮದ ಮೇಲೆ ಆರತಿ ನೀರು

ಚಂದ್ರಮೋಹನ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದದ್ದಕ್ಕೆ ದೃಷ್ಟಿಯೇ ಕಾರಣ ಎಂದು ಅವನ ಹೆಂಡತಿ ರಾಜಲಕ್ಷ್ಮಿ ತೀರ್ಮಾನ ಮಾಡಿದ್ದಳು. ಮೊದಲ ಸಲ ಅವನು ಸ್ಟಾಪ್ ಬೋರ್ಡಿನ ಮುಂದೆ ನಿಲ್ಲಿಸದೆ ಹೋಗಿದ್ದ. ಎರಡನೇ ಸಲ ನಿಲ್ಲಿಸಿದವನು ಮತ್ತೆ ಹೊರಡುವುದಕ್ಕೇ ಹೆದರಿದ್ದ. ಅದೆಲ್ಲ ಬರೀ ನೆಪ. ಮೈಸೂರಿನ ದಸರಾ ಗದ್ದಲದಲ್ಲಿ ಹದಿನೆಂಟು ವರ್ಷ ಕಾರು ಓಡಿಸಿದ ಮನುಷ್ಯ ಕೆನಡಾದ ರಿಚ್ಮಂಡ್ ಹಿಲ್ಲಿನ ಖಾಲಿ ರಸ್ತೆಯಲ್ಲಿ ಫೇಲಾಗುತ್ತಾನೆಂದರೆ ಯಾರದೋ ಕಣ್ಣು ಬಿದ್ದಿರಲೇಬೇಕು ಎನ್ನುವುದು ಅವಳ ವಾದ. ಅವಳು ಮಾತ್ರ ಮೊದಲ ಸಲಕ್ಕೇ ಪಾಸಾಗಿದ್ದಳು. ಅವಳ ಮೇಲೆ ಯಾಕೆ ಯಾರ ಕಣ್ಣೂ ಬೀಳಲಿಲ್ಲ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಎರಡು ಸಾವಿರದ ಹದಿನೆಂಟರ ಜನವರಿ. ಮೂರನೇ ಟೆಸ್ಟು ಅವತ್ತು ಹನ್ನೊಂದೂವರೆಗೆ, ನ್ಯೂಮಾರ್ಕೆಟ್ಟಿನಲ್ಲಿ. ಅದು ತಪ್ಪಿದರೆ ಮುಂದಿನ ತಾರೀಖು ಸಿಗುವುದು ಮಾರ್ಚ್ ಕೊನೆಗೆ. ಅಲ್ಲಿಯ ತನಕ ದಿನಾ ಬೆಳಿಗ್ಗೆ ಯಂಗ್ ಸ್ಟ್ರೀಟಿನ ಬಸ್ ಸ್ಟಾಪಿನಲ್ಲಿ, ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ, ಮೂಗು ಇದೆಯೋ ಉದುರಿತೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತ ನಿಲ್ಲಬೇಕು. ಇಲ್ಲವೇ ಹೆಂಡತಿ ಆಫೀಸಿನ ಬಾಗಿಲಿಗೇ ತಂದು ಬಿಟ್ಟು, ನಾಲ್ಕು ಜನರೆದುರು ಕಿಟಕಿ ಇಳಿಸಿ, "ಟೋಪಿ ಕಿವಿ ಮೇಲೆ ಎಳ್ಕೊಳ್ರೀ" ಎಂದು ಕೂಗುವುದನ್ನು ಸಹಿಸಬೇಕು. ಎರಡರಲ್ಲಿ ಬಸ್ ಸ್ಟಾಪೇ ವಾಸಿ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ಲೈಸೆನ್ಸೊಂದು ಕೈಗೆ ಬಂದರೆ ಎರಡರಿಂದಲೂ ಬಿಡುಗಡೆ.

ಲರ್ನರ್ ಲೈಸೆನ್ಸಿನವನು ಕಾರು ಓಡಿಸಬೇಕಾದರೆ ಪಕ್ಕದಲ್ಲಿ ಪೂರ್ತಿ ಲೈಸೆನ್ಸು ಇರುವವರೊಬ್ಬರು ಕೂತಿರಬೇಕು ಎನ್ನುವುದು ಅಲ್ಲಿಯ ಕಾನೂನು. ಮೊದಲ ಎರಡು ಟೆಸ್ಟಿಗೆ ರಾಜಲಕ್ಷ್ಮಿಯೇ ಕೂತಿದ್ದಳು. ಇಲ್ಲದ ಬ್ರೇಕನ್ನು ಅವಳು ಒತ್ತಿ ಒತ್ತಿ ಕಾಲಡಿಯ ಮ್ಯಾಟು ಸವೆದಿತ್ತು. ಅದರ ಜೊತೆಗೆ ಗಂಡನ ಧೈರ್ಯವೂ ಸವೆದಿತ್ತು. ಆಗ ಕೈಹಿಡಿದವರು ಪಕ್ಕದ ಮನೆಯ ಹೊನ್ನಪ್ಪನವರು. ಹಾವೇರಿ ಕಡೆಯವರು, ಕೆನಡಾಕ್ಕೆ ಬಂದು ಹನ್ನೆರಡು ವರ್ಷ. ಚಳಿಗಾಲಕ್ಕೆ ಯಾವ ಟಯರು, ಮೆಟ್ಟಿಲಿಗೆ ಎಷ್ಟು ಉಪ್ಪು, ಯಾವ ಸಿಗ್ನಲ್ಲಿನ ಹಿಂದೆ ಪೊಲೀಸರು ನಿಂತಿರುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಅವರ ಮನೆಯ ಕಾರನ್ನು ಅವರ ಹೆಂಡತಿ ದಾನವ್ವನವರೇ ಓಡಿಸುತ್ತಿದ್ದರು. ಯಾಕೆಂದು ಕೇಳಿದರೆ, "ಆಕಿಗೆ ರೂಢಿ ತಪ್ಪಬಾರದ್ರಿ" ಎನ್ನುತ್ತಿದ್ದರು. ಮೂರು ತಿಂಗಳಿಂದ ಚಂದ್ರಮೋಹನನಿಗೆ ಅವರೇ ಗುರು.

ಅವತ್ತು ಬೆಳಿಗ್ಗೆ ಏಳಕ್ಕೆ, ಆಸ್ಪತ್ರೆಯ ಲ್ಯಾಬಿನಲ್ಲಿ ಶಿಫ್ಟಿಗೆ ಹೊರಡುವ ಮೊದಲು, ರಾಜಲಕ್ಷ್ಮಿ ಜೆರಾರ್ಡ್ ಬಜಾರಿನ ಬೀಡಾ ಅಂಗಡಿಯಿಂದ ತಂದಿಟ್ಟಿದ್ದ ಸುಣ್ಣವನ್ನು ಅರಿಸಿನದ ನೀರಿಗೆ ಕದಡಿ ತಟ್ಟೆ ತುಂಬ ಕೆಂಪು ಆರತಿ ನೀರು ಮಾಡಿದಳು. ಗಂಡನನ್ನು ಮುಂಬಾಗಿಲ ಮೆಟ್ಟಿಲ ಮೇಲೆ ನಿಲ್ಲಿಸಿ, ಕಾರಿಗೂ ಸೇರಿಸಿ ನಿವಾಳಿಸತೊಡಗಿದಳು. ಕರ್ಪೂರ ಗಾಳಿಗೆ ಮೂರು ಸಲ ಆರಿತು. ಚಳಿಗೆ ಚಂದ್ರಮೋಹನನ ಕಾಲುಗಳು ಅವನನ್ನು ಕೇಳದೆ ಕುಣಿಯುತ್ತಿದ್ದವು.

"ನೆಟ್ಟಗೆ ನಿಂತ್ಕೊಳ್ರೀ. ಆರತಿ ತಟ್ಟೆ ಎದುರಿಗೆ ಯಾರಾದ್ರೂ ಡ್ಯಾನ್ಸ್ ಮಾಡ್ತಾರಾ?" ಎಂದು ರಾಜಲಕ್ಷ್ಮಿ ಇಡೀ ಬೀದಿಗೆ ಕೇಳುವಂತೆ ಗದರಿದಳು. "ಈ ನೀರನ್ನ ಯಾರೂ ತುಳೀದೆ ಇರೋ ಕಡೆ ಚೆಲ್ಲಿ. ಸಿಂಕಿಗೆ ಸುರಿದುಬಿಟ್ಟೀರ ಮತ್ತೆ."

ಬೀದಿಯ ಹಿಮ ಇನ್ನೂ ತೆಗೆದಿರಲಿಲ್ಲವಾದ್ದರಿಂದ ಅವಳ ಸಹೋದ್ಯೋಗಿಯ ಕಾರು ಹಿಂದಿನ ಗಲ್ಲಿಯಲ್ಲಿ ನಿಂತಿತ್ತು. ಇಬ್ಬರೂ ಒಳಗೆ ಬಂದ ಮೇಲೆ ಅವಳು ಹಿತ್ತಿಲ ಬಾಗಿಲಿನಿಂದ ಹೊರಟುಹೋದಳು.

ಯಾರೂ ತುಳಿಯದ ಜಾಗಕ್ಕೆ ಕೆನಡಾದ ಜನವರಿಯಲ್ಲಿ ಬರವಿಲ್ಲ. ಮನೆಯ ಮುಂದೆಯೇ ಮೊಣಕಾಲುದ್ದ ಹಿಮ, ಗುಬ್ಬಿ ಕೂಡ ಕಾಲಿಟ್ಟಿರಲಿಲ್ಲ. ಚಂದ್ರಮೋಹನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಹೊರಗೆ ಬಂದು ಮೆಟ್ಟಿಲು ಇಳಿದ. ಎರಡನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ತಟ್ಟೆ ಒಂದು ಕಡೆ, ಅವನೊಂದು ಕಡೆ. ಕೆಂಪು ನೀರು ಮೆಟ್ಟಿಲಿನಿಂದ ಕಾರಿನವರೆಗೂ ಹಿಮದ ಮೇಲೆ ಉದ್ದಕ್ಕೆ ಚೆಲ್ಲಿ, ನೋಡನೋಡುತ್ತಿದ್ದಂತೆ ಹೆಪ್ಪುಗಟ್ಟಿತು. ಉಳಿದದ್ದು ಅವನ ಬಿಳಿ ಸ್ವೆಟರಿನ ಮೇಲಿತ್ತು. ದೃಷ್ಟಿ ಹೋದದ್ದಂತೂ ಹೋಯಿತು ಎಂದುಕೊಂಡು ಸೊಂಟ ಉಜ್ಜಿಕೊಳ್ಳುತ್ತ ಎದ್ದ. ಜಾಕೆಟ್ಟು ಮುಚ್ಚುತ್ತದಲ್ಲ ಎಂದು ಸ್ವೆಟರು ಬದಲಿಸಲಿಲ್ಲ.

ಹತ್ತು ಗಂಟೆಗೆ ಹೊನ್ನಪ್ಪನವರು ಬಂದು ಕಾರಿಗೆ ಒಂದು ಸುತ್ತು ಹಾಕಿದರು.

"ಹಿಂದ ತೂಕಿಲ್ಲಲ್ರಿ ಸರ. ಹಗುರ ಗಾಡಿ ಐಸಿನ ಮ್ಯಾಲೆ ನಿಂದ್ರಂಗಿಲ್ಲ. ಡಿಕ್ಕಿಯೊಳಗ ಏನರ ವಜ್ಜೆ ಹಾಕ್ರಿ. ಅಕ್ಕಿ ಚೀಲ ಅದಾವನು ಮನ್ಯಾಗ?"

"ಸೋನಾ ಮಸೂರಿ ಎರಡು ಚೀಲ ಇದೆ. ಒದ್ದೆ ಆದ್ರೆ ರಾಜಿ ನನ್ನನ್ನ ಸುಮ್ನೆ ಬಿಡಲ್ಲ ಹೊನ್ನಪ್ಪನೋರೇ."

"ಜಮಖಾನದಾಗ ಸುತ್ತೂಣು ತಗೋರಿ."

ಎರಡು ಚೀಲವನ್ನು ಉದ್ದಕ್ಕೆ ಒಂದರ ಹಿಂದೊಂದು ಮಲಗಿಸಿ, ಹಳೆಯ ಜಮಖಾನದಲ್ಲಿ ಸುತ್ತಿ, ಹಗ್ಗದಲ್ಲಿ ಬಿಗಿದರು. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು, ಕೆಂಪು ಹಿಮದ ಮೇಲೇ ಏದುಸಿರು ಬಿಡುತ್ತ ಸಾಗಿಸಿದರು. ಮಧ್ಯೆ ಎರಡು ಸಲ ಕೆಳಗಿಟ್ಟು, ಯಾರಾದರೂ ಸಹಾಯಕ್ಕೆ ಬಂದಾರೇನೋ ಎಂದು ಆಚೆ ಈಚೆ ನೋಡಿದರು. ಡಿಕ್ಕಿಗೆ ತುರುಕಿದ ಮೇಲೆ ಹೊನ್ನಪ್ಪನವರು ಹಿಮ ಎತ್ತುವ ಸಲಿಕೆಯನ್ನೂ ಅದರ ಮೇಲಿಟ್ಟು, "ದಾರ್ಯಾಗ ಬೇಕಾಗತೈತಿ" ಎಂದರು.

ಎದುರು ಮನೆಯಲ್ಲಿ ಮಿಸೆಸ್ ರೊಸ್ಸಿ ಎಂಬ ಎಂಬತ್ತರ ಮುದುಕಿ ಒಬ್ಬರೇ ಇದ್ದರು. ಚಳಿಗಾಲದ ಐದು ತಿಂಗಳೂ ಅವರಿಗೆ ಕಿಟಕಿಯೇ ಟೀವಿ. ಅವತ್ತು ಬೆಳಿಗ್ಗೆ ಆ ಟೀವಿಯಲ್ಲಿ ಅವರು ಕಂಡದ್ದು ಇಷ್ಟು: ಹೆಂಡತಿ ಗಂಡನ ಮುಖಕ್ಕೆ ಬೆಂಕಿ ಹಿಡಿದು ಕೂಗಾಡಿದಳು. ಇಬ್ಬರೂ ಒಳಗೆ ಹೋದರು. ಇವರು ಕಾಫಿ ಬಗ್ಗಿಸಿಕೊಂಡು ಬರುವಷ್ಟರಲ್ಲಿ ಗಂಡನೊಬ್ಬನೇ ಹೊರಗಿದ್ದ, ಮೈಯೆಲ್ಲ ಕೆಂಪು, ಅಂಗಳವೂ ಕೆಂಪು. ಹೆಂಡತಿ ಮತ್ತೆ ಕಾಣಲಿಲ್ಲ. ಆಮೇಲೆ ಇನ್ನೊಬ್ಬನನ್ನು ಕರೆಸಿಕೊಂಡು ಐದೂವರೆ ಅಡಿಯ ಗಂಟೊಂದನ್ನು ಕಾರಿಗೆ ಹಾಕಿದ. ಜೊತೆಗೆ ಸಲಿಕೆ. ಮಿಸೆಸ್ ರೊಸ್ಸಿ ಪೊಲೀಸರಿಗೆ ಫೋನು ಒತ್ತಿದರು.

ಚಂದ್ರಮೋಹನ ಕಾರಿನಲ್ಲಿ ಕೂತು, ಮನೆದೇವರನ್ನು ನೆನೆದು, ಇನ್ನೇನು ಕೀಲಿ ತಿರುಗಿಸಬೇಕು, ಹಿಂದೆ ಪೊಲೀಸ್ ಕಾರು ಬಂದು ಅಡ್ಡ ನಿಂತಿತು. ಬಾಗಿಲ ಚೌಕಟ್ಟಿನಷ್ಟೇ ಎತ್ತರದ ಆಫೀಸರೊಬ್ಬ ಇಳಿದ. ಹಿಮವನ್ನು ನೋಡಿದ, ಜಾಕೆಟ್ಟಿನೊಳಗಿಂದ ಇಣುಕುತ್ತಿದ್ದ ಸ್ವೆಟರನ್ನು ನೋಡಿದ. ನಿಮ್ಮ ಹೆಂಡತಿ ಎಲ್ಲಿದ್ದಾರೆ ಎಂದು ತುಂಬ ಮರ್ಯಾದೆಯಿಂದ ಕೇಳಿದ.

ಅಷ್ಟು ಮರ್ಯಾದೆಯಿಂದ ಪೊಲೀಸರು ಮಾತಾಡಿಸಿದರೆ ಏನೋ ಘೋರವಾದದ್ದು ನಡೆದಿರಬೇಕು ಎಂದು ಚಂದ್ರಮೋಹನನಿಗೆ ಅನ್ನಿಸಿತು. ಬರುತ್ತಿದ್ದ ಇಂಗ್ಲಿಷೂ ನಾಲಿಗೆ ಬಿಟ್ಟು ಓಡಿತು. ಹೆಂಡತಿಗೆ ಮೇಲಿಂದ ಮೇಲೆ ಫೋನು ಮಾಡಿದ, ಅವಳು ಎತ್ತಲಿಲ್ಲ. ಹೊನ್ನಪ್ಪನವರು ಮುಂದೆ ಬಂದು, ಅದು ರಕ್ತವಲ್ಲ, ಕೆಟ್ಟ ಕಣ್ಣನ್ನು ತೆಗೆದು ಅಲ್ಲಿ ಚೆಲ್ಲಿದ್ದೇವೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಕಣ್ಣು ತೆಗೆದ ಮಾತು ಕೇಳಿ ಆಫೀಸರ್ ಎರಡು ಹೆಜ್ಜೆ ಹಿಂದೆ ಸರಿದು, ಇಬ್ಬರೂ ಕೈಗಳನ್ನು ಕಾಣುವ ಹಾಗೆ ಇಡಿ ಎಂದ.

ಡಿಕ್ಕಿ ತೆಗೆಸಿದ್ದಾಯಿತು. ಜಮಖಾನ ಬಿಚ್ಚಿಸಿದ್ದಾಯಿತು. ಆಫೀಸರ್ ಅಕ್ಕಿಯನ್ನು ಬೆರಳಲ್ಲಿ ಒತ್ತಿ ನೋಡಿದ. ಆದರೆ ಕೆಂಪು ಹಿಮದ ಲೆಕ್ಕ ಬಗೆಹರಿದಿರಲಿಲ್ಲ. ಚಂದ್ರಮೋಹನ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಗಾಜಿನ ಲೋಟದಲ್ಲಿ ಹಳದಿ ನೀರು ಮಾಡಿ, ಒಂದು ಚೂರು ಬಿಳಿ ಸುಣ್ಣ ಹಾಕಿ ಕಲಕಿದ. ನೀರು ರಕ್ತದಂತೆ ಕೆಂಪಾಯಿತು. ಆಫೀಸರ್ ಚಿಕ್ಕ ಮಗುವಿನಂತೆ ಬಾಯಿ ತೆರೆದು ನೋಡಿ, ಇನ್ನೊಂದು ಸಲ ಮಾಡಿ ತೋರಿಸಿ ಎಂದ.

ಆ ಹೊತ್ತಿಗೆ ಸರಿಯಾಗಿ ರಾಜಲಕ್ಷ್ಮಿಯ ಫೋನು ಬಂತು. ಶಿಫ್ಟಲ್ಲಿ ಫೋನು ಲಾಕರಿನಲ್ಲಿಡಬೇಕು. ಕಾಫಿಗೆ ಬಿಟ್ಟಾಗ ನೋಡಿದರೆ ಗಂಡನ ಒಂಬತ್ತು ಮಿಸ್ಡ್ ಕಾಲು. ಆಫೀಸರ್ ಸ್ಪೀಕರಿಗೆ ಹಾಕಿಸಿದ.

"ರಾಜಿ, ಇಲ್ಲಿ ಪೊಲೀಸ್ ಬಂದಿದಾರೆ ಕಣೇ."

"ಗುದ್ದಿಬಿಟ್ರಾ? ಯಾರಿಗ್ರೀ ಗುದ್ದಿದ್ರಿ? ಬ್ರೇಕ್ ಒತ್ತಿ ಒತ್ತಿ ಅಂತ ಬಡ್ಕೋತೀನಿ, ಕೇಳ್ತೀರಾ ನನ್ ಮಾತು? ಬದುಕಿದಾರಾ ಅವ್ರು?"

ಕನ್ನಡದ ಗಂಧಗಾಳಿ ಇಲ್ಲದಿದ್ದರೂ, ಇದು ಹೆಂಡತಿಯೇ, ಚೆನ್ನಾಗಿಯೇ ಬದುಕಿದ್ದಾಳೆ ಎನ್ನುವುದರಲ್ಲಿ ಆಫೀಸರಿಗೆ ಅನುಮಾನ ಉಳಿಯಲಿಲ್ಲ. ಅವನು ನಕ್ಕ. ಚಂದ್ರಮೋಹನನೂ ನಕ್ಕ. ಹೆಂಡತಿಯ ಬೈಗುಳ ಕಿವಿಗೆ ಅಷ್ಟು ಹಿತವಾಗಿ ಬಿದ್ದದ್ದು ಅವನಿಗೆ ಅದೇ ಮೊದಲು.

ಗಂಟೆ ಹತ್ತೂ ನಲವತ್ತು. ಈಗ ಹೊರಟರೂ ಟೆಸ್ಟು ಸಿಗುತ್ತದೆ. ಆಫೀಸರ್ ಅವನ ಕೈಕುಲುಕಿ, ಶುಭವಾಗಲಿ ಎಂದು ಹಾರೈಸಿ, ಹೊರಡುವ ಮುಂಚೆ ಒಂದು ಕಾಗದದ ಕೆಲಸ ಮುಗಿಸಿಬಿಡೋಣ, ನಿಮ್ಮದೂ ಪಕ್ಕದಲ್ಲಿ ಕೂರುವವರದೂ ಲೈಸೆನ್ಸ್ ತೋರಿಸಿ ಎಂದ. ಚಂದ್ರಮೋಹನ ತನ್ನ ಕಾರ್ಡು ಕೊಟ್ಟ.

ಹೊನ್ನಪ್ಪನವರು ಜಾಕೆಟ್ಟಿನ ಹೊರಜೇಬು ತಡಕಿದರು. ಒಳಜೇಬು ತಡಕಿದರು. ಟೋಪಿ ತೆಗೆದು ಅದರೊಳಗೂ ನೋಡಿದರು. ಮನೆಯಲ್ಲಿ ಬಿಟ್ಟುಬಂದೆ ಎಂದರು. ಪರವಾಗಿಲ್ಲ, ಪಕ್ಕದ ಮನೆ ತಾನೇ, ಕಾಯುತ್ತೇನೆ ಎಂದ ಆಫೀಸರ್. ಆಗ ಹೊನ್ನಪ್ಪನವರು ಪ್ಯಾಂಟಿನ ಹಿಂಜೇಬಿನಿಂದ ಪರ್ಸು ತೆಗೆದು, ಅದರಿಂದ ಒಂದು ಕಾರ್ಡು ಎಳೆದು, ಚಂದ್ರಮೋಹನನ ಕಡೆ ನೋಡದೆ ಕೊಟ್ಟರು.

ಅದು ಲರ್ನರ್ ಲೈಸೆನ್ಸು. ಚಂದ್ರಮೋಹನನದಕ್ಕಿಂತ ಮೂರೇ ತಿಂಗಳು ಹಳೆಯದು.

"ಹೊನ್ನಪ್ಪನೋರೇ, ಏನಿದು? ಹನ್ನೆರಡು ವರ್ಷದಿಂದ ಓಡಿಸ್ತಿದೀನಿ ಅಂದ್ರಲ್ಲ."

"ನಾ ಎಂದ ಅಂದೆ? ಇಲ್ಲಿಗೆ ಬಂದು ಹನ್ನೆರಡು ವರ್ಷ ಆತು ಅಂದೆ. ಓಡಸೂದು ನೀವಽ ತಿಳಕೊಂಡ್ರಿ." ಹೊನ್ನಪ್ಪನವರ ದನಿ ಇಳಿದುಹೋಗಿತ್ತು. "ಐದು ಸಲ ಫೇಲಾಗೇನ್ರಿ ಸರ. ನಮ್ಮ ದಾನವ್ವ ಸ್ಟೀರಿಂಗ್ ಮುಟ್ಟಗೊಡಂಗಿಲ್ಲ. ನೀವು ಕರದ್ರಿ, ನಿಮ್ಮ ಬಾಜೂ ಕುಂತು ನೀವು ಹೆಂಗ ಹೊಡೀತೀರಿ ನೋಡಿ ಕಲಿಯಾಕ ಹತ್ತಿದ್ದೆ."

ಆಫೀಸರ್ ಎರಡು ಕಾರ್ಡುಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಕಾರು ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ ತಾನೇ ಎಂದು ಕೇಳಿದ. ಇಬ್ಬರೂ ಒಟ್ಟಿಗೆ ಜೋರಾಗಿ ತಲೆಯಾಡಿಸಿದರು. ಹಾಗಾದರೆ ನಿಮ್ಮ ಪುಣ್ಯ ದೊಡ್ಡದು, ಎಂದ ಅವನು. ರಸ್ತೆಗಿಳಿದು ಸಿಕ್ಕಿಬಿದ್ದಿದ್ದರೆ ದಂಡದ ಜೊತೆಗೆ ಇದ್ದ ಲರ್ನರ್ ಲೈಸೆನ್ಸೂ ಅಮಾನತಾಗುತ್ತಿತ್ತು, ಎದುರುಮನೆಯ ಆ ತಾಯಿಗೆ ಮೊದಲು ಹೋಗಿ ಥ್ಯಾಂಕ್ಸ್ ಹೇಳಿ.

ಚಂದ್ರಮೋಹನ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೂರು ತಿಂಗಳು ತಾವಿಬ್ಬರೂ ಯಂಗ್ ಸ್ಟ್ರೀಟಿನ ಉದ್ದಕ್ಕೆ ಮಾಡಿದ ಸವಾರಿಗಳೆಲ್ಲ ಕಣ್ಣಮುಂದೆ ಬಂದವು. ಟೆಸ್ಟು ಹೋಯಿತು, ನಿಜ. ಆದರೆ ಕೊಲೆಗಾರನಾಗಲಿಲ್ಲ, ಕಳ್ಳ ಡ್ರೈವರನೆಂದು ಸಿಕ್ಕಿಬೀಳಲೂ ಇಲ್ಲ. ಅವನಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಎದ್ದು, ರಸ್ತೆ ದಾಟಿ, ಹೆಂಡತಿಯನ್ನು ಕೊಂದನೆಂದು ತನ್ನ ಮೇಲೆ ದೂರು ಕೊಟ್ಟ ಮುದುಕಿಗೆ ಎರಡೂ ಕೈ ಜೋಡಿಸಿ ಮನಸಾರೆ ವಂದನೆ ಹೇಳಿ ಬಂದ. ಅವರು ನಾಚಿಕೆಯಿಂದ ಒಂದು ಡಬ್ಬಿ ಬಿಸ್ಕತ್ತು ಕೊಟ್ಟರು.

ಸಂಜೆ ರಾಜಲಕ್ಷ್ಮಿ ಬಂದು ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡು, "ಆರತಿ ನೀರು ಚೆಲ್ಲಿದ್ದಕ್ಕೇ ನೀವು ಉಳ್ಕೊಂಡಿದ್ದು, ತಿಳೀತಾ?" ಎಂದಳು. "ಮಾರ್ಚ್ ತನಕ ಇನ್ನು ದಿನಾ ಸಾಯಂಕಾಲ ನಾನೇ ಪಕ್ಕದಲ್ಲಿ ಕೂತು ಕಲಿಸ್ತೀನಿ. ಕೀ ತಗೊಳ್ಳಿ, ನಡೀರಿ."

ಚಂದ್ರಮೋಹನ ಸ್ಟೀರಿಂಗ್ ಹಿಡಿದು ಕೂತ. ಪಕ್ಕದಲ್ಲಿ ರಾಜಲಕ್ಷ್ಮಿ ಇಲ್ಲದ ಬ್ರೇಕಿನ ಮೇಲೆ ಆಗಲೇ ಕಾಲಿಟ್ಟಿದ್ದಳು. ಕನ್ನಡಿ ಸರಿಮಾಡಿಕೊಂಡು ಹಿಂದೆ ನೋಡಿದರೆ, ಹಿಂದಿನ ಸೀಟಿನಲ್ಲಿ ಹೊನ್ನಪ್ಪನವರು ಟೋಪಿ ಹಾಕಿಕೊಂಡು, ಬೆಲ್ಟು ಬಿಗಿದುಕೊಂಡು, ತಯಾರಾಗಿ ಕೂತಿದ್ದರು.

"ನಂದೂ ಮಾರ್ಚ್‌ಕ ಐತ್ರಿ ಸರ. ಸ್ವಲ್ಪ ಸಾವಕಾಶ ಹೊಡೀರಿ, ನೋಡಿ ಕಲೀಬೇಕು."