ತಪ್ಪು ಹೇಳಿದರೆ ನಿಜ ಸಿಗುತ್ತಿದ್ದ ಕಚೇರಿ

ಸರ್ಕಾರದ ಗುಟ್ಟು ಒಲೆಯ ಮೇಲಿನ ಹಾಲಿದ್ದ ಹಾಗೆ, ಮುಚ್ಚಳ ಒತ್ತಿ ಹಿಡಿದಷ್ಟೂ ಉಕ್ಕುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಅಂತ ಆ ಕಡೆಯ ಕಚೇರಿಗಳಲ್ಲೇ ನನ್ನ ನೌಕರಿ ಕಳೆಯಿತು. ಇಂಥ ಪ್ರಸಂಗ ಇಲ್ಲದ ವಾರವೇ ಇರಲಿಲ್ಲ. ಇಲ್ಲಿ ಹೇಳುವವೆಲ್ಲ ಎಪ್ಪತ್ತರ ದಶಕದ ಕೊನೆಗೆ ಒಂದೇ ಕಚೇರಿಯಲ್ಲಿ ನಡೆದವು. ಯಾವ ಕಚೇರಿ ಅಂತ ಮಾತ್ರ ಹೇಳುವುದಿಲ್ಲ. ಅಷ್ಟಾದರೂ ಗುಪ್ತವಾಗಿರಲಿ.

೧. ಗೊರಕೆ

ಆಗ ನಾನು ಹೊಸ ಕಾರಕೂನ, ಅಂದರೆ ಗುಮಾಸ್ತ. ಅರ್ಜಿ ಬರೆದು ಮಾಹಿತಿ ಕೇಳುವ ಈಗಿನ ಕಾಯ್ದೆ ಇನ್ನೂ ಹುಟ್ಟಿರಲಿಲ್ಲ. ಯಾರು ಏನು ಕೇಳಿದರೂ ನಮ್ಮ ಹೆಡ್ ಕಾರಕೂನರದು ಒಂದೇ ಉತ್ತರ. "ಹೇಳಾಕ ಬರಂಗಿಲ್ಲ. ಗುಪ್ತ."

ಹಾಗಂತ ಕೆಟ್ಟ ಮನುಷ್ಯರೆಂದು ತಿಳಿಯಬೇಡಿ. ಅವರಂಥವರನ್ನು ನಾನು ಮತ್ತೆ ನೋಡಲಿಲ್ಲ. ಇನ್ನೊಬ್ಬರ ದುಡ್ಡಿನ ಚಹಾ ಕೂಡ ಕುಡಿದವರಲ್ಲ. ಸರ್ಕಾರದ ಗುಟ್ಟು ಬಿಡಬಾರದು, ಸುಳ್ಳು ಆಡಬಾರದು, ಎರಡೇ ವ್ರತ. ಪೆನ್ಶನ್ ಹತ್ತಿರ ಬಂದಿತ್ತು. ಒಂದು ಮಾತು ಹೊರಬಿದ್ದರೆ ನೌಕರಿಯೂ ಹೋಗುತ್ತದೆ, ಪೆನ್ಶನ್ನೂ ಹೋಗುತ್ತದೆ ಅನ್ನುವ ಹೆದರಿಕೆ ಅವರಿಗೆ ದಿನವೂ ಇತ್ತು.

ಒಂದು ಮಧ್ಯಾಹ್ನ ಬಾದಾಮಿ ಕಡೆಯ ಒಬ್ಬ ರೈತ ಬಂದು, "ಸಾಹೇಬ್ರು ಅದಾರೇನ್ರಿ?" ಅಂದ.

"ಹೇಳಾಕ ಬರಂಗಿಲ್ಲ."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಬಾಗಿಲು ನಡುಗುವಂಥ ಗೊರಕೆ ಕೇಳಿಸಿತು. "ಮತ್ತ ಆ ಗೊರಕಿ ಯಾರದ್ರಿ?"

ಹೆಡ್ ಕಾರಕೂನರು ತಲೆ ಎತ್ತದೆ ಹೇಳಿದರು. "ಅದೂ ಗುಪ್ತ."

೨. ತಲಾಠಿಯ ವರ್ಗಾವಣೆ

ಹಳ್ಳಿ ಲೆಕ್ಕ ಬರೆಯುವ ತಲಾಠಿ ಒಬ್ಬನಿಗೆ ವರ್ಗ ಆಗಿತ್ತು. ಯಾವ ಊರಿಗೆ ಅನ್ನುವುದು ಹೆಡ್ ಕಾರಕೂನರ ಕಪಾಟಿನಲ್ಲಿತ್ತು. ಆತ ಬೆಳಿಗ್ಗೆಯಿಂದ ಗೋಗರೆದ, ಮಕ್ಕಳ ಶಾಲೆಯ ಕತೆ ಹೇಳಿದ, ಕೈ ಮುಗಿದ. ಗುಪ್ತ ಅಂದರೆ ಗುಪ್ತ. ಕಡೆಗೆ ಬೇಸತ್ತು ಚಪ್ಪಲಿ ಮೆಟ್ಟುತ್ತ, "ಹೋಗ್ಲಿ ಬಿಡ್ರಿ, ಪಟ್ಟದಕಲ್ಲಿಗೆ ಹಾಕ್ಯಾರಂತ. ಹೊಳಿ ದಂಡಿಗೆ ಆರಾಮ ಇರ್ತೇನಿ" ಅಂದ.

"ಪಟ್ಟದಕಲ್ಲಲ್ಲೋ ಮಾರಾಯಾ, ತುಳಸಿಗೇರಿ!"

ಹೇಳಿ ಮುಗಿಸಿದ ಮೇಲೆ ಹೆಡ್ ಕಾರಕೂನರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಏನು ಮಾಡುವುದು, ತಪ್ಪು ಮಾತೊಂದು ಕಣ್ಣೆದುರಿಗೆ ಜೀವಂತ ಎದ್ದು ಹೋಗುವುದನ್ನು ಸಹಿಸುವ ಜೀವವೇ ಅದಲ್ಲ. ತಲಾಠಿ ಜಾಣ, ಹೊಸ್ತಿಲಲ್ಲೇ ನಿಂತ. "ಮುಂದಿನ ತಿಂಗಳಿಂದ ಅಲ್ಲೇನ್ರಿ?"

ಬೆರಳ ಸಂದಿಯಿಂದ ಮಾತು ಬಂತು. "ನಾಳಿಂದ!"

ಹೆಡ್ ಕಾರಕೂನರನ್ನು ಜನ ರಾವಸಾಹೇಬರು ಅನ್ನುತ್ತಿದ್ದರು. ಸಂಜೆಯೊಳಗೆ ಕಚೇರಿ ಎದುರಿನ ಚಹಾದಂಗಡಿಯಲ್ಲಿ ಹೊಸ ಕಾಯ್ದೆ ಜಾರಿಯಾಗಿತ್ತು. "ರಾವಸಾಹೇಬ್ರನ್ನ ಏನೂ ಕೇಳಬ್ಯಾಡ್ರಿ. ತಪ್ಪು ಹೇಳ್ರಿ, ಸಾಕು."

೩. ಎಲೆ ಅಡಿಕೆಯ ಬಂದೋಬಸ್ತು

ಜನ ಸಾಲುಗಟ್ಟಿ ಬಂದು ತಪ್ಪು ಹೇಳತೊಡಗಿದರು. ಹೆಡ್ ಕಾರಕೂನರು ಹಣ್ಣಾದರು. ಕಡೆಗೆ ಉಪಾಯ ಹೂಡಿದರು. ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡರೆ ಊಟದವರೆಗೂ ಉಗುಳುತ್ತಿರಲಿಲ್ಲ. ಊಟ ಆದಮೇಲೆ ಮತ್ತೊಂದು ಮುದ್ದೆ.

ಬಾಯಿಗೇನೋ ಬೀಗ ಬಿತ್ತು, ಹುಬ್ಬಿಗೆ ಯಾರು ಹಾಕಬೇಕು? ತಪ್ಪು ಕಿವಿಗೆ ಬಿದ್ದ ಕೂಡಲೇ ಹುಬ್ಬು ಮೇಲೆ ಹೋಗುತ್ತಿತ್ತು. ಹಾಗಾಗಿ ಕುರ್ಚಿಯನ್ನೇ ತಿರುಗಿಸಿ ಗೋಡೆಗೆ ಮುಖಮಾಡಿ ಕೂತರು. ಆಗ ಜನ ಹಿಂದಿನಿಂದ ಕಿವಿ ನೋಡತೊಡಗಿದರು. ಹೇಳಿದ್ದು ತಪ್ಪಾದರೆ ಕಿವಿ ಕೆಂಪಗಾಗುತ್ತಿತ್ತು, ಖರೆ ಇದ್ದರೆ ತಣ್ಣಗಿರುತ್ತಿತ್ತು.

ಚಹಾದಂಗಡಿಯವನು ಮೆಚ್ಚಿ ಹೇಳಿದ. "ರೇಡಿಯೋಕಿಂತ ಛಲೋ ಐತ್ರಿ ಇದು. ಸೆಲ್ ಹಾಕೂದ ಬ್ಯಾಡ!"

೪. ಎರಡು ಟಗರು

ಇಳಕಲ್ಲಿನ ಕೆಂಪು ಕಲ್ಲಿಗೆ ಆಗ ಬೇಡಿಕೆ ಏರಿತ್ತು. ಹತ್ತಿರದ ಹಳ್ಳಿಯೊಂದರ ಗುಡ್ಡದ ಮೇಲೆ ಯಾರೋ ಬಂದು ಟೇಪು ಹಿಡಿದು ಅಳೆದು ಹೋದರು. ಆ ಊರಿನ ಕುರಿಗಳಿಗೆಲ್ಲ ಅದೊಂದೇ ಮೇವಿನ ಗುಡ್ಡ. ಗುಡ್ಡ ಗಣಿಗೆ ಹೋದರೆ ಕುರಿ ಮಾರಿ ಕೂಲಿಗೆ ಹೋಗಬೇಕು. ಸುದ್ದಿ ಖರೆಯೋ ಸುಳ್ಳೋ ತಿಳಿಯಲು ಬೀರಪ್ಪ ದೇವರ ಅರಿಸಿನದ ಭಂಡಾರ ಹಣೆಗೆ ಹಚ್ಚಿಕೊಂಡ ಒಬ್ಬ ಮುದುಕಿ ಬಂದಳು.

ಆ ದಿನ ಹೆಡ್ ಕಾರಕೂನರು ಪೂರಾ ಬಂದೋಬಸ್ತಿನಲ್ಲಿದ್ದರು. ಬಾಯಲ್ಲಿ ಎಲೆ ಅಡಿಕೆ, ಮುಖ ಗೋಡೆಗೆ, ಕಿವಿಯ ಸುತ್ತ ಮಫ್ಲರ್. ಹೊರಗೆ ವೈಶಾಖದ ಬಿಸಿಲು.

ಮುದುಕಿ ಕೆಳಗೆ ಕೂತು, ಯಾರಿಗೂ ಅಲ್ಲ ಅನ್ನುವಂತೆ ಮಾತಾಡಿದಳು. "ಆತು, ಗುಡ್ಡ ಹೋತು. ರಾವಸಾಹೇಬ್ರು ತಾವ ಮುಂದ ನಿಂತು ಕೊಡಿಸ್ಯಾರಂತ. ಪಾಪ, ದೊಡ್ಡ ಮನಶ್ಯಾರು. ಎರಡು ಟಗರು ತಗೊಂಡಾರಂತ."

ಗೋಡೆ ಕೆಂಪಾಯಿತು. ಬಾಯಲ್ಲಿದ್ದದ್ದೆಲ್ಲ ಅಲ್ಲಿಗೇ ಹೋಗಿತ್ತು. ಮಫ್ಲರ್ ಕಿತ್ತೆಸೆದು ತಿರುಗಿದರು. "ಯಾವಾಕಿ ಹೇಳಿದಾಕಿ? ಟಗರು ನಾ ಕಣ್ಣಿಲೆ ಕಂಡಿಲ್ಲ! ಗುಡ್ಡ ಇನ್ನೂ ಯಾರಿಗೂ ಕೊಟ್ಟಿಲ್ಲ! ಸೋಮವಾರದ ತನಕ ತಕರಾರು ಕೊಡಾಕ ಬರ್ತೈತಿ! ಊರವರೆಲ್ಲ ಹೆಬ್ಬಟ್ಟು ಒತ್ತಿ ಕೊಟ್ರ ಗಣಿ ನಿಂತ ಹೋಗತೈತಿ!"

ನಾನು ಕೂತಲ್ಲೇ ಮನಸ್ಸಿನಲ್ಲಿ ಆ ಮುದುಕಿಗೆ ಸಾಷ್ಟಾಂಗ ನಮಸ್ಕಾರ ಹಾಕಿದೆ. ವಕೀಲರಿಗೆ ಆಗದ್ದನ್ನು ಇಲ್ಲದ ಎರಡು ಟಗರಿನಿಂದ ಸಾಧಿಸಿದ್ದಳು. ಅಷ್ಟಕ್ಕೂ ಆಕೆಗೆ ತೃಪ್ತಿ ಇಲ್ಲ. ಕೆನ್ನೆಗೆ ಕೈ ಹಚ್ಚಿ, "ಹಂಗಾದ್ರ ಒಂದ ಟಗರು ತಗೊಂಡಿರಬೇಕು" ಅಂದಳು.

"ಹೋಗವಾ ತಾಯಿ," ಹೆಡ್ ಕಾರಕೂನರು ಕೈ ಮುಗಿದರು. "ಇನ್ನ ಹೇಳೂದು ಏನೂ ಉಳದಿಲ್ಲ!"

೫. ವಿಚಾರಣೆ

ಸೋಮವಾರ ಇಡೀ ಊರೇ ಬಂದು ತಕರಾರು ಕೊಟ್ಟಿತು. ಗುಡ್ಡ ಕುರಿಗಳಿಗೇ ಉಳಿಯಿತು. ಆದರೆ ಗಣಿಯ ಸಾಹುಕಾರ ಸುಮ್ಮನಿರಲಿಲ್ಲ. ಗುಪ್ತ ಕಾಗದ ಜನಕ್ಕೆ ಹೇಗೆ ಗೊತ್ತಾಯಿತು ಅಂತ ಮೇಲಿನವರಿಗೆ ದೂರು ಕೊಟ್ಟ. ಬಾಗಲಕೋಟೆಯಿಂದ ದೊಡ್ಡ ಸಾಹೇಬರು ವಿಚಾರಣೆಗೆ ಬಂದರು. ಮೈಸೂರು ಕಡೆಯವರು, ಮೃದು ಮಾತಿನವರು.

"ಹೇಳಿದವರು ಯಾರು?" ಅಂದರು. ಸಾಹೇಬರ ಕಣ್ಣು ನನ್ನ ಮೇಲೆ ನಿಂತಿತು. "ಈ ಹೊಸ ಹುಡುಗನೇ ಇರಬೇಕು. ನಾಳೆಯಿಂದ ಇವನು ಮನೆಯಲ್ಲಿರಲಿ."

ನನಗೆ ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಹೆಡ್ ಕಾರಕೂನರ ಬಾಯಲ್ಲಿ ಎಲೆ ಅಡಿಕೆ ತುಂಬಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಅವರು ಸುಳ್ಳು ಆಡಿದ ಹಾಗೂ ಆಗುತ್ತಿರಲಿಲ್ಲ. ಆ ಮನುಷ್ಯರು ಎದ್ದು ಕಿಟಕಿಗೆ ಹೋಗಿ ಉಗುಳಿ, ಬಾಯಿ ಒರೆಸಿಕೊಂಡು ಬಂದರು. "ಅದು ತಪ್ಪರಿ, ಸಾಹೇಬ್ರ. ನಾ ಹೇಳೀನಿ."

ನನ್ನ ಕಣ್ಣು ತುಂಬಿ ಬಂತು. ಈಗಲೂ ನೆನೆಸಿಕೊಂಡರೆ ತುಂಬುತ್ತದೆ.

ಸಾಹೇಬರಿಗೂ ಮನಸ್ಸು ಕರಗಿತು. ಪೆನ್ಶನ್ನಿನ ಮನುಷ್ಯ, ಹೇಗಾದರೂ ಉಳಿಸಬೇಕೆಂದು ಮೆಮೊವನ್ನು ಮೆತ್ತಗೆ ಬರೆಯತೊಡಗಿದರು. "ಬಾಯಿತಪ್ಪಿ ಒಂದೆರಡು ಮಾತು ಆಡಿದ್ದೀರಿ..."

"ಒಂದೆರಡಲ್ರಿ, ಇದ್ದದ್ದೆಲ್ಲಾ ಹೇಳೀನಿ."

"ಮೆಲ್ಲಗೆ..."

"ಜೋರಾಗಿ ಹೇಳೀನ್ರಿ. ಚಹಾದಂಗಡಿಗೂ ಕೇಳಿಸೈತಿ."

ಸಾಹೇಬರು ಪೆನ್ನು ಕೆಳಗಿಟ್ಟರು. "ರಾಯರೇ, ನಿಮ್ಮನ್ನು ಉಳಿಸುವುದು ದೇವರಿಗೂ ಆಗದು. ಮೊದಲು ಆ ಕಾಗದ ತನ್ನಿ."

ಕಪಾಟು ತೆರೆದು ಕಾಗದ ತಂದರು. ಸಾಹೇಬರು ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು. "ಅಲ್ಲರೀ, ತಕರಾರಿದ್ದವರು ಬಂದು ಹೇಳಲಿ ಅಂತ ಊರಲ್ಲೆಲ್ಲ ಡಂಗುರ ಹೊಡೆಸಿ ಅಂತ ಇದೆ ಇದರಲ್ಲಿ! ಹೊಡೆಸಲಿಲ್ಲ ಯಾಕೆ?"

"ಹೊಡಸಬೇಕಂತಿದ್ನಿರಿ. ಆದ್ರ ಡಂಗುರದ ಹುಕುಮಿನ ಮ್ಯಾಲನ 'ಗುಪ್ತ' ಅಂತ ಬರದಿತ್ತು. ಗುಪ್ತ ಡಂಗುರ ಹೆಂಗ ಹೊಡಸೂದಂತ ತಿಳೀಲಿಲ್ರಿ. ಕಪಾಟಿನ್ಯಾಗ ಇಟ್ಟೆ."

ಸಾಹೇಬರು ಮೆಮೊವನ್ನು ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ಸಿಟ್ಟು ನೆತ್ತಿಗೇರಿ ಮೇಜು ಗುದ್ದಿದರು. "ಡಂಗುರದ ಕಾಗದಕ್ಕೆ ಗುಪ್ತ ಅಂತ ಬರೆದವನು ಯಾವನೋ ಶುದ್ಧ ಮೂರ್ಖ!"

ಹೆಡ್ ಕಾರಕೂನರ ಹುಬ್ಬು ಮೇಲೆ ಹೋಯಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ.

"ಹಂಗನ್ನೂದು ತಪ್ಪರಿ, ಸಾಹೇಬ್ರ. ಕೆಳಗ ಸಹಿ ತಮ್ಮದ ಐತಿ."