ಬೆಳ್ಳುಳ್ಳಿ ದಾಟದ ಹೊಸ್ತಿಲು

ನಿಜಾಮನ ಕಾಲದ ನಿಲಂಗಾದಲ್ಲಿ ಕಾಳಿನ ವ್ಯಾಪಾರಿ ರೇವಣಪ್ಪನ ಜಂಬವನ್ನು ತೂಗುವ ತಕ್ಕಡಿಯೇ ಇರಲಿಲ್ಲ. "ಏಳು ತಲಿ ಆತ್ರೀ, ನಮ್ಮ ಹೊಸ್ತಿಲಾ ಬೆಳ್ಳುಳ್ಳಿ ದಾಟಿಲ್ಲ!" ಅಂತ ಸಂತೆಯಲ್ಲಿ ನಿಂತು ಸಾರುತ್ತಿದ್ದ. ಸಾರಲಿ ಬಿಡಿ, ಮಠದ ಅಯ್ಯನವರು ಊರಿಗೆ ಬಂದರೆ ಪ್ರಸಾದದ ಊಟ ಅವನ ಮನೆಯಲ್ಲೇ. ಆ ಮಾನ ಊರ ಜಮೀನ್ದಾರ ದೇಶಮುಖರಿಗೂ ಇರಲಿಲ್ಲ.

ಆದರೆ ಒಂದು ವರ್ಷದಿಂದ ರೇವಣಪ್ಪ ಸುಣ್ಣದ ಗೋಡೆಯ ಹಾಗೆ ಬಿಳಿಚಿದ್ದ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹಕೀಮ ಕಣ್ಣುರೆಪ್ಪೆ ಎಳೆದು ನೋಡಿ, "ಖೂನ್ ಪತಲಾ ಆಗ್ಯಾದ ಸೇಠ್, ರಕ್ತ ತೆಳ್ಳಗಾಗ್ಯಾದ. ಸಜ್ಜಿ ರೊಟ್ಟ್ಯಾಗ ಕಬ್ಬಿಣ ಅದ, ನಿನ್ನ ಮೈಗೆ ಹತ್ತವಲ್ದು. ರೊಟ್ಟಿ ಜೋಡಿ ದಿನಾ ನಾಕು ಎಸಳು ಬೆಳ್ಳುಳ್ಳಿ ತಿನ್ನು, ಜಠರದ ಬೆಂಕಿ ಏಳ್ತದ" ಅಂದ.

ಜೀವ ದೊಡ್ಡದೋ, ಜಂಬ ದೊಡ್ಡದೋ? ರೇವಣಪ್ಪ ಎರಡನ್ನೂ ಉಳಿಸಿಕೊಂಡ. ಅಂಗಡಿಯ ಚೀಲಗಳ ಹಿಂದೆ ಕೂತು ಕದ್ದು ತಿಂದ. ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂತು.

ಒಂದು ದಿನ ನಾಲ್ಕನೆಯ ಎಸಳು ನುಂಗುವಷ್ಟರಲ್ಲಿ ನೆರೆಮನೆಯ ಗುಂಡಮ್ಮ ಓಡಿಬಂದಳು. "ಅಯ್ಯನೋರು ನಿಮ್ಮ ಮನಿಗೆ ಬಂದಾರ, ಬಡಾನ ಬರ್ರಿ!"

ಯಪ್ಪಾ! ಯಾಲಕ್ಕಿ ಅಗಿದ, ಬಾಯಿ ಮುಕ್ಕಳಿಸಿದ, ಕಡೆಗೆ ತುಟಿ ಬಿಗಿದುಕೊಂಡೇ ಮನೆಯಂಗಳಕ್ಕೆ ಬಂದ.

"ಮೌನವ್ರತ ಏನೋ? ಭಲೇ!" ಅಂದರು ಅಯ್ಯನವರು.

ರೇವಣಪ್ಪ ಹೆಮ್ಮೆಯಿಂದ ತಲೆಯಾಡಿಸಿ ಪಾದಕ್ಕೆ ಬಗ್ಗಿದ. ಬಗ್ಗಿದ್ದೇ ತಪ್ಪಾಯ್ತು. ಢರ್ರ್ ಅಂತ ತೇಗು ಬಂದು ಅಂಗಳದ ತುಂಬ ಬೆಳ್ಳುಳ್ಳಿ ನಾತ. ಅವನು ತಟ್ಟನೆ ಗುಂಡಮ್ಮನ ಮನೆಯತ್ತ ಬೆರಳು ತೋರಿಸಿದ.

"ನನ್ನ ಒಲಿ ಇನ್ನಾ ಹಚ್ಚಿಲ್ರೀ!" ಹಿಂದೆಯೇ ಬಂದಿದ್ದ ಗುಂಡಮ್ಮ ಗುಡುಗಿದಳು.

ಅಡುಗೆಮನೆಯಿಂದ ಹೆಂಡತಿ ಶಿವಗಂಗಾಬಾಯಿ ಓಡಿಬಂದು ಅಯ್ಯನವರ ಕಾಲಿಗೆ ಬಿದ್ದಳು. "ನನ್ನ ಮ್ಯಾಲ ಸಂಶೇ ಬ್ಯಾಡ್ರೀ ಅಪ್ಪೋರೆ! ಇಪ್ಪತ್ತು ವರ್ಷ ಚಟ್ನಿಪುಡ್ಯಾಗ ಬೆಳ್ಳುಳ್ಳಿ ಕುಟ್ಟಿ ಹಾಕಿದ್ದು ಖರೆ. ನಮ್ಮತ್ತಿ ಕಲಿಸಿದ್ರು, ಅವರಿಗೆ ಅವರತ್ತಿ. ಹ್ವಾದ ವರ್ಷ ಇವರು ಸಂತ್ಯಾಗ ಅಷ್ಟು ಹೆಮ್ಮಿಲೆ ಹೇಳೂದು ಕೇಳಿ ನಾಚಿಕಿ ಬಂತು, ಲಿಂಗ ಮುಟ್ಟಿ ಆಣಿ ಮಾಡಿ ಬಿಟ್ಟೆ. ಅವತ್ತಿಂದ ಒಂದು ಎಸಳೂ ಒಳಗ ಬಂದಿಲ್ಲ!"

ಹ್ವಾದ ವರ್ಷ! ಚಟ್ನಿಯ ಬೆಳ್ಳುಳ್ಳಿ ನಿಂತ ಅವತ್ತಿನಿಂದಲೇ ತಾನು ಬಿಳಿಚಿದ್ದು ಅಂತ ರೇವಣಪ್ಪನಿಗೆ ಆಗ ಹೊಳೆಯಿತು.

ಅಯ್ಯನವರು ಗಹಗಹಿಸಿ ನಕ್ಕರು. "ಅದಕ್ಕೇ ಹ್ವಾದ ಸಲ ಚಟ್ನಿ ಸಪ್ಪಗಿತ್ತು! ನಾ ಬರೂದೇ ಅದರ ರುಚಿಗೆ. ಮೊದಲಿನಂಗ ಮಾಡವ್ವಾ."

"ಲಿಂಗ ಮುಟ್ಟಿ ಬಿಟ್ಟದ್ದು ಬಿಟ್ಟಂಗೇರಿ," ಅಂದಳು ಆಕೆ, ತಲೆಯೆತ್ತಿ. "ನಮ್ಮೆಜಮಾನರ ಮಾತು ನಾ ಸುಳ್ಳು ಮಾಡಂಗಿಲ್ಲ."

ಅಯ್ಯನವರು ಬೆತ್ತ ಎತ್ತಿಕೊಂಡರು. "ಗುಂಡವ್ವಾ, ಹಂಗಾರ ನೀ ಒಲಿ ಹಚ್ಚು."

ರೇವಣಪ್ಪ ಬಾಯಿ ತೆರೆದ. ತನ್ನದೇ ನಾತಕ್ಕೆ ಮತ್ತೆ ಮುಚ್ಚಿದ. ಗುಂಡಮ್ಮ ಸೆರಗು ಸಿಕ್ಕಿಸಿ, ಓಣಿಗೆಲ್ಲ ಕೇಳುವ ಹಾಗೆ ಸಾರಿಕೊಂಡು ಹೋದಳು: "ಏಳು ತಲಿ ಆತ್ರೀ, ನಮ್ಮ ಮನ್ಯಾಗ ಬೆಳ್ಳುಳ್ಳಿ ಇಲ್ದ ಚಟ್ನಿ ಕುಟ್ಟಿಲ್ಲ!"